ಸಾವಿರ ಲೀಟರಿಗೆ ಎಷ್ಟು ಯೂನಿಟ್: ನಮ್ಮ ಪಂಚಾಯಿತಿಯ ಕರೆಂಟ್ ಬಿಲ್ ಇಳಿಸಿದ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಕುಡಿಯುವ ನೀರಿನ ಪಂಪು ಮತ್ತು ಬೀದಿದೀಪಗಳ ಕರೆಂಟ್ ಖರ್ಚು ಇಳಿಸುವ ಕೆಲಸ ಈಗಷ್ಟೇ ಒಂದು ದಡ ಮುಟ್ಟಿದೆ. ಬಿಲ್ಲುಗಳನ್ನು ಒಟ್ಟುಮಾಡಿದಲ್ಲಿಂದ ಹೊಸ ಪಂಪಿನ ಹಣ ಪಾವತಿಯಾಗುವವರೆಗೆ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಹೊಸನಗರ, ಸಾಗರ ಕಡೆಯ ಪಂಚಾಯಿತಿಗಳವರೂ ಇದೇ ಕೆಲಸಕ್ಕೆ ಕೈಹಾಕುತ್ತಿದ್ದಾರೆ. ಅವರಿಗೆ ದಾರಿ ಸುಲಭವಾಗಲಿ ಎಂದು ಎಲ್ಲೆಲ್ಲಿ ಕಾಯಬೇಕು, ಯಾವ ಕಾಗದ ಬೇಕು, ಎಲ್ಲಿ ತಡೆ ಬರುತ್ತದೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಪಂಚಾಯಿತಿಗೆ ಬರುವ ಶಾಸನಬದ್ಧ ಅನುದಾನದಲ್ಲಿ ದೊಡ್ಡ ಪಾಲು ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಚರಂಡಿ, ಕಾಲುಸಂಕ, ಅಂಗನವಾಡಿಯ ಹಂಚು ಎಲ್ಲವೂ ಉಳಿದ ಹಣದಲ್ಲಿ ಆಗಬೇಕು. ಆದರೂ ಬಿಲ್ಲನ್ನು ಕೂತು ಓದುವವರು ಕಡಿಮೆ. ಬಂದದ್ದನ್ನು ಕಟ್ಟುವುದು, ಆಗದಿದ್ದರೆ ಬಾಕಿ ಬಿಡುವುದು, ಇದೇ ರೂಢಿ.

ಮೊದಲ ಹೆಜ್ಜೆ ಆರ್.ಆರ್. ನಂಬರುಗಳ, ಅಂದರೆ ಪ್ರತಿ ವಿದ್ಯುತ್ ಸಂಪರ್ಕಕ್ಕೂ ಕಂಪನಿ ಕೊಟ್ಟಿರುವ ನಂಬರುಗಳ ಪಟ್ಟಿ. ನೀರು ಸರಬರಾಜಿನ ಸ್ಥಾವರಗಳಿಗೆ ಎಲ್‌ಟಿ-6(ಎ), ಬೀದಿದೀಪಕ್ಕೆ ಎಲ್‌ಟಿ-6(ಬಿ) ದರಪಟ್ಟಿ (ಎಲ್‌ಟಿ ಎಂದರೆ ಕಡಿಮೆ ವೋಲ್ಟೇಜಿನ ಸಂಪರ್ಕ). ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿ ನಂಬರಿನ ಎದುರು ಮಂಜೂರಾದ ಲೋಡ್, ಮೀಟರ್ ನಂಬರು, ಹಿಂದಿನ ಹನ್ನೆರಡು ತಿಂಗಳ ಯೂನಿಟ್, ನಿಗದಿತ ಶುಲ್ಕ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು), ಬಾಕಿ ಇಷ್ಟು ಕಾಲಂ ಸಾಕು. ಪಂಚಾಯಿತಿ ಕಡತದಲ್ಲಿ ಬಿಲ್ಲುಗಳು ಅರ್ಧ ಇರುತ್ತವೆ, ಅರ್ಧ ಇರುವುದಿಲ್ಲ. ವಿದ್ಯುತ್ ಕಂಪನಿಯ ಉಪವಿಭಾಗಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ-ಸೀಲಿನ ಪತ್ರ ಕೊಟ್ಟು ಪ್ರತಿ ನಂಬರಿನ ಲೆಡ್ಜರ್ ಪ್ರತಿ ಕೇಳಿ. ಪತ್ರದ ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹಿಂದಿರುಗಬೇಡಿ. ಮುಂದೆ ಬಾಕಿ ವಿಚಾರ ಎದ್ದಾಗ ಆ ಮುದ್ರೆಯೇ ಆಧಾರ.

ಪಟ್ಟಿ ಕೈಗೆ ಬಂದ ಮೇಲೆ ನೀರುಗಂಟಿಗಳ ಜೊತೆ ಊರೂರು ಸುತ್ತಿ ಪ್ರತಿ ಮೀಟರನ್ನೂ ಕಣ್ಣಾರೆ ನೋಡಬೇಕು. ಇದನ್ನು ಕಚೇರಿಯಲ್ಲೇ ಕೂತು ಮುಗಿಸಲು ಆಗುವುದಿಲ್ಲ. ಬತ್ತಿದ ಬೋರು, ಕೇಸಿಂಗ್ ಕುಸಿದ ಬೋರು, ಪಂಪು ಎತ್ತಿ ಬೇರೆಡೆ ಇಳಿಸಿದ ಬೋರು ಇವಕ್ಕೆಲ್ಲ ಬಿಲ್ ಬರುತ್ತಲೇ ಇರುತ್ತದೆ. ನಿಗದಿತ ಶುಲ್ಕ ಮಂಜೂರಾದ ಎಚ್‌ಪಿ ಲೆಕ್ಕದಲ್ಲಿ ಬೀಳುವುದರಿಂದ ಒಂದು ಹನಿ ನೀರು ಎತ್ತದಿದ್ದರೂ ಹಣ ಹೋಗುತ್ತದೆ. ಮೀಟರ್ ನಿಂತುಹೋದ ಕಡೆ ಹಿಂದಿನ ಸರಾಸರಿ ಮೇಲೆ ಬಿಲ್ ಬರುತ್ತಿರುತ್ತದೆ. ಹಿಂದೆ ಹತ್ತು ಎಚ್‌ಪಿ ಪಂಪು ಇದ್ದು ಈಗ ಐದು ಎಚ್‌ಪಿ ಇರುವಲ್ಲಿ ಹತ್ತಕ್ಕೇ ಶುಲ್ಕ ಬೀಳುತ್ತಿರುತ್ತದೆ. ಬೇರೆ ಖರ್ಚೇ ಇಲ್ಲದೆ ಸಿಗುವ ಉಳಿತಾಯ ಇದು. ಪಂಪು ಕೊಳ್ಳುವ ಮಾತು ಇದಾದ ನಂತರ.

ಸಂಪರ್ಕ ಕಡಿತಕ್ಕೆ ಮತ್ತು ಲೋಡ್ ಇಳಿಕೆಗೆ ಬೇಕಾಗುವ ಕಾಗದಗಳು ಇವು: ಆ ಸ್ಥಾವರದ ಹೆಸರು, ಆರ್.ಆರ್. ನಂಬರು ಹೆಸರಿಸಿ ಸಾಮಾನ್ಯ ಸಭೆ ಮಾಡಿದ ನಿರ್ಣಯದ ನಕಲು, ಇತ್ತೀಚಿನ ಬಿಲ್ಲು, ಹಣ ಕಟ್ಟಿದ ರಸೀದಿ, ಪಿಡಿಒ ಅರ್ಜಿ, ಸ್ಥಳದ ಫೋಟೋ. ನಿರ್ಣಯದಲ್ಲಿ ‘ಉಪಯೋಗವಿಲ್ಲದ ಬೋರುಗಳ ಸಂಪರ್ಕ ಕಡಿತಗೊಳಿಸುವುದು’ ಎಂದು ಒಟ್ಟಾಗಿ ಬರೆದರೆ ನಡೆಯುವುದಿಲ್ಲ, ಒಂದೊಂದು ನಂಬರೂ ಅದರಲ್ಲಿ ಇರಬೇಕು. ನಂಬರಿಲ್ಲದ ನಿರ್ಣಯವೆಂದರೆ ಮುಂದಿನ ಸಾಮಾನ್ಯ ಸಭೆಯವರೆಗೆ ಕಾಯುವುದು ಎಂದರ್ಥ. ಬಾಕಿ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಬಹಳ ಹಳೆಯ ಬಾಕಿ ತೋರಿಸಿದಾಗ ವಿದ್ಯುತ್ ಕಾಯ್ದೆ 2003ರ 56(2)ನೇ ಕಲಮು ನೆನಪಿರಲಿ. ಮೊದಲ ಬಾರಿ ಪಾವತಿಗೆ ಬಂದ ದಿನದಿಂದ ಎರಡು ವರ್ಷ ಕಳೆದ ಮೊತ್ತವನ್ನು, ಅದು ಬಾಕಿ ಎಂದು ಪ್ರತಿ ಬಿಲ್ಲಿನಲ್ಲೂ ಎಡೆಬಿಡದೆ ತೋರಿಸಿಕೊಂಡು ಬಂದಿರದಿದ್ದರೆ, ವಸೂಲು ಮಾಡುವಂತಿಲ್ಲ. ಲೆಡ್ಜರ್ ಪ್ರತಿ ಮೊದಲೇ ತೆಗೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಪತ್ರದಲ್ಲಿ ಬಗೆಹರಿಯದಿದ್ದರೆ ಅದೇ ಕಾಯ್ದೆಯಡಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಪಂಚಾಯಿತಿಯೂ ಒಬ್ಬ ಗ್ರಾಹಕನೇ. ಅಲ್ಲಿಗೆ ಹೋಗಲು ಸಂಕೋಚ ಬೇಡ.

ಮಳೆಗಾಲದಲ್ಲಿ ಈ ಅರ್ಜಿಗಳು ನಿಧಾನವಾಗುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹರಿಯದ ದಿನವೇ ಇಲ್ಲ, ಲೈನ್‌ಮನ್‌ಗಳು ಹಗಲೂ ರಾತ್ರಿ ಕಂಬದ ಮೇಲೇ ಇರುತ್ತಾರೆ. ಮೀಟರ್ ತೆಗೆಯಲು ಅವರೇ ಬರಬೇಕು. ಅರ್ಜಿಯನ್ನು ಮೇ ಒಳಗೆ ಕೊಡಿ, ಇಲ್ಲದಿದ್ದರೆ ದೀಪಾವಳಿ ತನಕ ನಿಗದಿತ ಶುಲ್ಕ ಕಟ್ಟುತ್ತಿರಬೇಕಾಗುತ್ತದೆ. ಮೀಟರ್ ತೆಗೆದ ಬೋರಿನ ಕೇಸಿಂಗ್ ಬಾಯಿಗೆ ಅದೇ ದಿನ ಕ್ಯಾಪ್ ಹಾಕಿ ವೆಲ್ಡ್ ಮಾಡಿಸಿ. ಮಕ್ಕಳಿರುವ ಊರು.

ಇನ್ನು ನಡೆಯುತ್ತಿರುವ ಪಂಪುಗಳ ವಿಚಾರ. ಪಂಪು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರನ್ನು ಕೇಳಿದರೂ ‘ನೀರು ಬರ್ತಾ ಉಂಟಲ್ಲ’ ಎನ್ನುತ್ತಾರೆ. ನೀರು ಬರುವುದಷ್ಟೇ ಸಾಕಾಗುವುದಿಲ್ಲ. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಸುಡುತ್ತಿದೆ ಎಂಬುದೊಂದೇ ಅಳತೆ ಹಿಡಿದು ನಾವು ಎಲ್ಲ ಬೋರುಗಳನ್ನು ನೋಡಿದೆವು. ಅದಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ: ವಯರಿನ ಆಂಪ್ ಅಳೆಯುವ ಎರಡು ಮೂರು ಸಾವಿರದ ಕ್ಲಾಂಪ್ ಮೀಟರ್, ಬೋರಿನ ಬಾಯಿಯ ಪೈಪಿಗೆ ಕೂರಿಸುವ ಒತ್ತಡದ ಗೇಜು, ಟೇಪು, ನೀರಿನ ಮಟ್ಟ ನೋಡಲು ಎರಡೆಳೆ ವಯರು ಮತ್ತು ಮಲ್ಟಿಮೀಟರ್.

ಒಂದು ಬೋರಿನ ಲೆಕ್ಕವನ್ನೇ ಕೊಡುತ್ತೇವೆ. 7.5 ಎಚ್‌ಪಿ ಪಂಪು, ನೀರು ಏರುವುದು ಗುಡ್ಡದ ಮೇಲಿನ ದುಂಡನೆ ಟ್ಯಾಂಕಿಗೆ. ಟ್ಯಾಂಕಿನ ಒಳವ್ಯಾಸ 5 ಮೀಟರ್, ಅಂದರೆ 10 ಸೆಂ.ಮೀ. ನೀರು ಏರಿದರೆ ಸುಮಾರು 1,960 ಲೀಟರ್. ಹೊರಹೋಗುವ ವಾಲ್ವ್ ಬಿಗಿಯಾಗಿ ಮುಚ್ಚಿ, ಒಂದು ಗಂಟೆ ಪಂಪು ಓಡಿಸಿ, ಮೀಟರಿನ ಆರಂಭದ ಮತ್ತು ಕೊನೆಯ ರೀಡಿಂಗ್ ಬರೆದುಕೊಂಡೆವು. ನೀರು ಏರಿದ್ದು 24 ಸೆಂ.ಮೀ., ಅಂದರೆ 4,700 ಲೀಟರ್. ಓಡಿದ್ದು 6.4 ಯೂನಿಟ್. ಸಾವಿರ ಲೀಟರಿಗೆ 1.36 ಯೂನಿಟ್ ಆಯಿತು.

ಇದು ಹೆಚ್ಚೋ ಕಡಿಮೆಯೋ ತಿಳಿಯಲು ಎತ್ತರ ಬೇಕು. ಪಂಪು ಓಡುತ್ತಿರುವಾಗ ಬೋರಿನೊಳಗೆ ನೀರಿನ ಮಟ್ಟ 55 ಮೀಟರ್ ಆಳದಲ್ಲಿತ್ತು. ಬೋರಿನ ಬಾಯಲ್ಲಿ ಗೇಜು 3.5 ಕಿಲೋ ತೋರಿಸಿತು. ಒಂದು ಕಿಲೋ ಒತ್ತಡ ಎಂದರೆ ಹತ್ತು ಮೀಟರ್ ಎತ್ತರ, ಹಾಗಾಗಿ 35 ಮೀಟರ್. ಗುಡ್ಡದ ಏರು, ಪೈಪಿನ ಘರ್ಷಣೆ ಎರಡೂ ಇದರಲ್ಲೇ ಸೇರಿವೆ. ಒಟ್ಟು 90 ಮೀಟರ್. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು ಭೌತಶಾಸ್ತ್ರ ಕೇಳುವುದು 0.27 ಯೂನಿಟ್ ಮಾತ್ರ, 90 ಮೀಟರಿಗೆ 0.245. ನಮ್ಮ ಪಂಪು ತಿನ್ನುತ್ತಿದ್ದದ್ದು 1.36. ಅಂದರೆ ನೂರು ಪೈಸೆ ಕರೆಂಟಿನಲ್ಲಿ ಹದಿನೆಂಟು ಪೈಸೆಯಷ್ಟೇ ನೀರೆತ್ತುತ್ತಿತ್ತು. ಸರಿಯಾಗಿ ಆಯ್ದ ಸಬ್‌ಮರ್ಸಿಬಲ್ ಪಂಪ್‌ಸೆಟ್ ಮೂವತ್ತೈದರಿಂದ ನಲವತ್ತು ಪೈಸೆಯಷ್ಟಾದರೂ ಕೆಲಸ ಕೊಡಬೇಕು.

ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲೇ ಮಾಡಿ. ಆಗಸ್ಟ್‌ನಲ್ಲಿ ಅಂತರ್ಜಲ ಮೇಲಿರುತ್ತದೆ, ಆಗಿನ ಎತ್ತರ ಹಿಡಿದು ಪಂಪು ಆಯ್ದರೆ ಶಿವರಾತ್ರಿ ಕಳೆಯುತ್ತಿದ್ದಂತೆ ಟ್ಯಾಂಕಿಗೆ ನೀರು ಏರುವುದಿಲ್ಲ. ಬರೀ ಬೇಸಿಗೆಯ ಎತ್ತರ ನೋಡಿದರೂ ತೊಂದರೆ ಇದೆ. ಮಳೆಗಾಲದಲ್ಲಿ ಮಟ್ಟ ಮೇಲೆ ಬಂದಾಗ ಪಂಪು ಹೆಚ್ಚು ನೀರು ತಳ್ಳಿ ಮೋಟರಿನ ಆಂಪ್ ಏರಬಹುದು. ಎರಡೂ ಕಾಲದ ಮಟ್ಟ ಬರೆದಿಟ್ಟುಕೊಂಡು, ಪಂಪಿನ ಕರ್ವ್ (ಯಾವ ಎತ್ತರಕ್ಕೆ ಎಷ್ಟು ನೀರು ಕೊಡುತ್ತದೆ ಎಂದು ತೋರಿಸುವ ಗೆರೆ) ಎರಡಕ್ಕೂ ಹೊಂದುತ್ತದೆಯೇ ಎಂದು ನೋಡಿಸಬೇಕು.

ಪಂಪು ಎತ್ತಿಸಿದ ದಿನ ಕಂಡದ್ದನ್ನು ಹೇಳಲೇಬೇಕು. ಎತ್ತುವ ಮೊದಲು ಮೋಟರ್ ಚಾಲೂ ಮಾಡಿ ಕೇಸಿಂಗ್ ಬಾಯಿಗೆ ಕಿವಿ ಕೊಟ್ಟರೆ ಒಳಗೆ ನೀರು ಸುರಿಯುವ ಸದ್ದು. ಚೈನ್ ಪುಲ್ಲಿಯಲ್ಲಿ ಪಂಪಿನಿಂದ ನೀರು ಮೇಲೆ ತರುವ ಕಾಲಂ ಪೈಪನ್ನು ಒಂದೊಂದೇ ಬಿಚ್ಚುತ್ತ ಬಂದಾಗ ನಾಲ್ಕನೆಯ ಪೈಪಿನ ತಿರುಪಿನ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಸುತ್ತ ತುಕ್ಕು ತಿಂದು ಕಾಗದದಷ್ಟು ತೆಳುವಾದ ಲೋಹ. ಮೇಲೆತ್ತಿದ ನೀರಿನಲ್ಲಿ ಒಂದು ಪಾಲು ಅಲ್ಲಿಂದಲೇ ಬೋರಿಗೆ ವಾಪಸ್ ಬೀಳುತ್ತಿತ್ತು. ಪಂಪಿನ ಇಂಪೆಲ್ಲರ್‌ಗಳ ಸಂದಿಯಲ್ಲಿ ಕಬ್ಬಿಣದ ಅಂಶದ ಕೆಂಪು ಕಿಟ್ಟ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಜಂಬಿಟ್ಟಿಗೆ ನೆಲದ ಬೋರು ನೀರಿನಲ್ಲಿ ಕಬ್ಬಿಣ ಹೆಚ್ಚಿರುವ ಕಡೆ ಇದು ಸಾಮಾನ್ಯ. ಹೊಸ ಪಂಪು ಇಳಿಸಿ ಹಳೆಯ ಪೈಪನ್ನೇ ಬಿಟ್ಟಿದ್ದರೆ ಅರ್ಧ ಹಣ ನೀರುಪಾಲು. ಹಾಗಾಗಿ ಎಸ್ಟಿಮೇಟಿನಲ್ಲಿ ಕಾಲಂ ಪೈಪು, ಕೇಬಲ್, ನಾನ್‌ರಿಟರ್ನ್ ವಾಲ್ವ್, ಎತ್ತಿ ಇಳಿಸುವ ಕೂಲಿ ಎಲ್ಲವನ್ನೂ ಸೇರಿಸಿ. ಐದು ಎಚ್‌ಪಿ ಪಂಪ್‌ಸೆಟ್ ನಲವತ್ತು ಸಾವಿರದ ಆಸುಪಾಸು ಸಿಕ್ಕರೂ ಈ ಉಳಿದ ಬಾಬ್ತುಗಳೇ ಅಷ್ಟಾಗುತ್ತವೆ.

ಮೋಟರ್ ರಿಪೇರಿ ಕಡತವನ್ನೂ ತೆಗೆದು ನೋಡಿ. ಒಂದೇ ಮೋಟರಿಗೆ ಮತ್ತೆ ಮತ್ತೆ ವೈಂಡಿಂಗ್ ಬಿಲ್ ಇದ್ದರೆ ಆ ಹಣಕ್ಕೆ ಹೊಸದೇ ಬರುತ್ತಿತ್ತು ಎಂಬುದು ಗೊತ್ತಾಗುತ್ತದೆ. ಪ್ರತಿ ರಿವೈಂಡಿಂಗ್‌ನಲ್ಲೂ ಮೋಟರಿನ ದಕ್ಷತೆ ಇಷ್ಟಿಷ್ಟೇ ಇಳಿಯುವ ಸಂಭವವೂ ಇದೆ. ಸುಡಲು ನಮ್ಮ ಕಡೆ ಮೂರು ಕಾರಣ: ಕೊಂಬೆ ಬಿದ್ದು ಒಂದು ಫೇಸ್ ಹೋಗುವುದು, ಸಂಜೆಯ ಲೋ ವೋಲ್ಟೇಜ್, ಬೇಸಿಗೆಯಲ್ಲಿ ನೀರಿಲ್ಲದೆ ಒಣಗಿ ಓಡುವುದು. ಸಿಂಗಲ್ ಫೇಸ್ ಪ್ರಿವೆಂಟರ್ ಮತ್ತು ಡ್ರೈ ರನ್ ರಿಲೇ ಪ್ಯಾನಲ್ ಬೋರ್ಡಿನಲ್ಲಿ ಇದ್ದರೆ ಮೂರರಲ್ಲಿ ಎರಡು ತಪ್ಪುತ್ತವೆ. ಆದರೆ ಬಹಳ ಕಡೆ ಪ್ರಿವೆಂಟರ್ ಇದ್ದೂ ಬೈಪಾಸ್ ಮಾಡಿರುತ್ತಾರೆ, ಏಕೆಂದರೆ ಅದು ಟ್ರಿಪ್ ಆದಾಗ ನೀರಿಲ್ಲವೆಂದು ಬೈಸಿಕೊಳ್ಳುವವರು ನೀರುಗಂಟಿ. ಬೈಪಾಸ್ ತೆಗೆಸುವ ಮುನ್ನ ಆ ಊರಿನವರಿಗೆ ವಿಷಯ ತಿಳಿಸುವುದು ಸದಸ್ಯರ ಹೊಣೆ. ಲೋ ವೋಲ್ಟೇಜಿಗೆ ಮದ್ದು ವೇಳೆ ಬದಲಿಸುವುದು. 415 ಇರಬೇಕಾದ ಕಡೆ 350 ತೋರಿಸುವ ಸಂಜೆ ಹೊತ್ತು ಬಿಟ್ಟು, ರಾತ್ರಿ ಊರು ಮಲಗಿದ ಮೇಲೆ ಓಡಿಸಿದರೆ ಮೋಟರಿಗೂ ಒಳ್ಳೆಯದು.

ಪವರ್ ಫ್ಯಾಕ್ಟರ್ ಇಳಿಯದಂತೆ ಕಾಯುವ ಕೆಪಾಸಿಟರ್ ಚಿಕ್ಕ ವಸ್ತು, ಎಲ್ಲರೂ ಮರೆಯುವಂಥದು. ಎಲ್‌ಟಿ ಸ್ಥಾವರದಲ್ಲಿ ಪವರ್ ಫ್ಯಾಕ್ಟರ್ 0.85ಕ್ಕಿಂತ ಇಳಿದರೆ ಪ್ರತಿ ಯೂನಿಟ್ಟಿಗೂ ಸರ್‌ಚಾರ್ಜ್ ಬೀಳುತ್ತದೆ. ಐದು ಎಚ್‌ಪಿಗೆ 2 ಕೆವಿಎಆರ್, ಏಳೂವರೆಗೆ 3 ಕೆವಿಎಆರ್ ಕೂರಿಸುವುದು ವಾಡಿಕೆ (ಕೆವಿಎಆರ್ ಎಂಬುದು ಕೆಪಾಸಿಟರಿನ ಅಳತೆ). ಇದೆಯೋ ಇಲ್ಲವೋ ನೋಡಿದರೆ ಸಾಲದು, ಬದುಕಿದೆಯೇ ಎಂದು ಕ್ಲಾಂಪ್ ಮೀಟರಿನಲ್ಲಿ ನೋಡಬೇಕು. 2 ಕೆವಿಎಆರ್‌ನದು ಪ್ರತಿ ವಯರಿನಲ್ಲೂ 2.8 ಆಂಪ್ ಹತ್ತಿರ, 3ರದು 4.2 ಹತ್ತಿರ ತೋರಿಸಬೇಕು. ಸಿಡಿಲಿನ ಹೊಡೆತಕ್ಕೆ, ಪಂಪ್‌ಹೌಸಿನ ಶೀತಕ್ಕೆ ಸತ್ತ ಕೆಪಾಸಿಟರುಗಳು ಡಬ್ಬಿಯಂತೆ ಗೋಡೆಯಲ್ಲಿ ನೇತಾಡುತ್ತಿರುತ್ತವೆ. ಬದಲಿಸಲು ಸಾವಿರದ ಆಸುಪಾಸು ಖರ್ಚು.

ಇಷ್ಟೆಲ್ಲ ಅಳತೆಯಾದ ಮೇಲೆ ಖರೀದಿ. ಕೆಲಸ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿ, ಪಂಚಾಯಿತಿಗಳ ಯೋಜನೆ-ಲೆಕ್ಕದ ಜಾಲತಾಣವಾದ ಇ-ಗ್ರಾಮ್ ಸ್ವರಾಜ್‌ಗೆ ಏರಿರದಿದ್ದರೆ ಹಣಕಾಸು ಆಯೋಗದ ದುಡ್ಡು ಬಿಡುಗಡೆ ಮಾಡಲು ಬರುವುದಿಲ್ಲ. 15ನೇ ಹಣಕಾಸು ಆಯೋಗದ 2021ರಿಂದ 2026ರ ಅವಧಿಯ ಅನುದಾನದಲ್ಲಿ ಶೇ. 60 ನಿರ್ಬಂಧಿತ, ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಪಂಪು ನೀರಿನ ಪಾಲಿಗೆ ಹೊಂದುತ್ತದೆ. ಬೀದಿದೀಪ ಹೊಂದುವುದಿಲ್ಲ, ಅದಕ್ಕೆ ಉಳಿದ ಶೇ. 40 ಅಥವಾ ಸ್ವಂತ ಸಂಪನ್ಮೂಲ. ಯೋಜನೆಗೆ ತಿದ್ದುಪಡಿ, ಇಂಜಿನಿಯರ್ ಎಸ್ಟಿಮೇಟ್, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, ಆಮೇಲೆ ದರಪತ್ರ ಅಥವಾ ಟೆಂಡರ್, ಕೊನೆಗೆ ಕಾರ್ಯಾದೇಶ. ಈ ಸರಪಳಿಯೇ ಎಲ್ಲಕ್ಕಿಂತ ಹೆಚ್ಚು ಕಾಯಿಸಿದ್ದು. ಎಸ್ಟಿಮೇಟಿನಲ್ಲಿ ಬರೆದ ಪಂಪಿನ ಎತ್ತರ ನಿರ್ಣಯದಲ್ಲಿ ಬರೆದದ್ದಕ್ಕೆ ಹೊಂದದಿದ್ದರೆ ಕಡತ ಮತ್ತೆ ಮೊದಲ ಮೇಜಿಗೆ ಬರುತ್ತದೆ. ಆದ್ದರಿಂದ ಅಳತೆ ಹಾಳೆಯ ಒಂದೇ ಪ್ರತಿಯನ್ನು ಎಲ್ಲ ಕಡೆ ಲಗತ್ತಿಸಿ.

ಸರ್ಕಾರಿ ಖರೀದಿಯಲ್ಲಿ ಕಡಿಮೆ ದರದವರಿಗೇ ಕೊಡಬೇಕು, ಆಮೇಲೆ ಗುಣಮಟ್ಟ ಎಲ್ಲಿಂದ ಬರಬೇಕು ಎಂದು ಹಲವರು ಕೈಚೆಲ್ಲುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999 ಕೇಳುವುದು ಷರತ್ತು ಎಲ್ಲರಿಗೂ ಮೊದಲೇ ತಿಳಿದಿರಬೇಕು, ಒಂದೇ ಸಮನಾಗಿ ಅನ್ವಯವಾಗಬೇಕು ಎಂದು. ಏನು ಬೇಕು ಎಂದು ನಾವೇ ಸರಿಯಾಗಿ ಬರೆಯದಿದ್ದರೆ ಕಡಿಮೆ ದರಕ್ಕೆ ಕಡಿಮೆ ಪಂಪೇ ಬರುತ್ತದೆ. ‘5 ಎಚ್‌ಪಿ ಸಬ್‌ಮರ್ಸಿಬಲ್ ಪಂಪು, 1 ಸಂಖ್ಯೆ’ ಎಂದು ಬರೆದು ಬಿಡುವ ಬದಲು ಹೀಗೆ ಬರೆಯಿರಿ: 90 ಮೀಟರ್ ಎತ್ತರಕ್ಕೆ ಗಂಟೆಗೆ 6,000 ಲೀಟರ್ ಕೊಡಬೇಕು, ಐಎಸ್ 8034 (ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿನ ಭಾರತೀಯ ಮಾನಕ) ಗುರುತು, ಬಿಇಇ (ಇಂಧನ ದಕ್ಷತಾ ಬ್ಯೂರೋ) ಸ್ಟಾರ್ ಲೇಬಲ್ ಇರಬೇಕು, ಇಳಿಸಿದ ದಿನ ಟ್ಯಾಂಕು-ಮೀಟರ್ ಪರೀಕ್ಷೆಯಲ್ಲಿ ಸಾವಿರ ಲೀಟರಿಗೆ 0.75 ಯೂನಿಟ್ ದಾಟಬಾರದು, ದಾಟಿದರೆ ಪೂರೈಕೆದಾರರೇ ವಾಪಸ್ ಎತ್ತಿಕೊಂಡು ಹೋಗಬೇಕು, ಭದ್ರತಾ ಠೇವಣಿ ಖಾತರಿ ಅವಧಿ ಮುಗಿಯುವವರೆಗೆ ಪಂಚಾಯಿತಿಯಲ್ಲಿರಬೇಕು. ಯಾವ ಕಂಪನಿಯ ಹೆಸರೂ ಬರೆಯಬಾರದು. ಈ ಷರತ್ತಿಗೆ ಒಪ್ಪಿದವರಲ್ಲಿ ಕಡಿಮೆ ದರದವರಿಗೆ ಕೊಟ್ಟರೆ ಕಾನೂನೂ ನಡೆಯಿತು, ಪಂಪೂ ಒಳ್ಳೆಯದು ಬಂತು.

ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆಯ ಕಂಡಿಕೆ ಬೀಳುತ್ತದೆ ಎಂಬ ಹೆದರಿಕೆಯಿಂದ ಕೆಲವರು ಷರತ್ತು ಸಡಿಲ ಮಾಡಲು ಹೇಳುತ್ತಾರೆ. ಅದಕ್ಕೆ ಉತ್ತರ ಕಡತದಲ್ಲೇ ಇರಲಿ. ದಿನಕ್ಕೆ 40,000 ಲೀಟರ್ ಬೇಕು, ವರ್ಷದಲ್ಲಿ 240 ದಿನ ಪಂಪು ಓಡುತ್ತದೆ ಎಂದಿಟ್ಟುಕೊಳ್ಳಿ. ಆರು ಸಾವಿರ ಅಗ್ಗದ ಪಂಪು ಸಾವಿರ ಲೀಟರಿಗೆ ಕಾಲು ಯೂನಿಟ್ ಹೆಚ್ಚು ತಿಂದರೆ ದಿನಕ್ಕೆ 10, ವರ್ಷಕ್ಕೆ 2,400 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 14,400 ರೂಪಾಯಿ. ಅಗ್ಗದ ಪಂಪಿನ ಲಾಭ ಐದಾರು ತಿಂಗಳಲ್ಲಿ ಕರಗಿತು. ನಿಮ್ಮ ಬಿಲ್ಲಿನ ದರ ಹಾಕಿ ಈ ಅರ್ಧ ಪುಟದ ಲೆಕ್ಕವನ್ನು ಟಿಪ್ಪಣಿಯಾಗಿ ಸೇರಿಸಿ, ಸಭೆಯಲ್ಲಿ ಓದಿ, ನಡವಳಿಯಲ್ಲಿ ಬರೆಸಿ.

ಹೊಸ ಪಂಪು ಇಳಿದ ದಿನ ಅದೇ ಪರೀಕ್ಷೆ ಮಾಡಿದೆವು: ಗಂಟೆಗೆ 6,000 ಲೀಟರ್, 4.2 ಯೂನಿಟ್. ಸಾವಿರ ಲೀಟರಿಗೆ 0.70. ಮೇಲಿನ ಲೆಕ್ಕದಲ್ಲೇ ಈ ಒಂದು ಬೋರಿನಿಂದ ವರ್ಷಕ್ಕೆ ಆರು ಸಾವಿರ ಯೂನಿಟ್ ಮೇಲೆ ಉಳಿಯಬೇಕು. ಟ್ಯಾಂಕಿನ ಏಣಿಯ ಮೇಲೆ ನಿಂತು ಟೇಪು ಓದುತ್ತಿದ್ದವರಿಗೆ ಆದ ಸಮಾಧಾನ ದೊಡ್ಡದು. ಹಣ ಪಾವತಿಗೆ ಮಾತ್ರ ಮತ್ತೆ ಕಾಯಬೇಕಾಯಿತು. ಅಧ್ಯಕ್ಷರು ಬದಲಾಗಿದ್ದರೆ ಹೊಸ ಡಿಜಿಟಲ್ ಸಹಿಯ ಡಾಂಗಲ್ ನೋಂದಣಿಯಾಗುವವರೆಗೆ ಯಾವ ಬಿಲ್ಲೂ ಸಾಗುವುದಿಲ್ಲ. ಪೂರೈಕೆದಾರರಿಗೆ ಇದನ್ನು ಮೊದಲೇ ಹೇಳಿಡಿ.

ಪಂಪು ಬದಲಿಸುವುದಕ್ಕಿಂತ ದೊಡ್ಡ ಉಳಿತಾಯ ಪಂಪು ಓಡಿಸದೆ ಇರುವುದು. ಅದನ್ನು ಹೇಳಿಕೊಟ್ಟವರು ನಮ್ಮ ಹಿರಿಯ ನೀರುಗಂಟಿ. ‘ಮಳೆಗಾಲದಲ್ಲಿ ಬೋರು ಯಾಕೆ ಸಾರ್? ಮೇಲಿನ ಅಬ್ಬಿ ನೀರು ತಾನಾಗೇ ಇಳಿದು ಬರ್ತದೆ, ಪೈಪ್ ಒಂದು ಹಾಕಿಸಿಕೊಡಿ’ ಎಂದರು. ಟ್ಯಾಂಕಿಗಿಂತ ಎತ್ತರದಲ್ಲಿ ಝರಿ ಇರುವ ಊರುಗಳಲ್ಲಿ ಜೂನ್‌ನಿಂದ ಡಿಸೆಂಬರ್ ತನಕ ಒಂದು ಯೂನಿಟ್ ಇಲ್ಲದೆ ಟ್ಯಾಂಕು ತುಂಬಿಸಬಹುದು. ಮೊದಲ ಮಳೆಯ ಕೆಂಪು ನೀರು ಟ್ಯಾಂಕಿಗೆ ಬರದಂತೆ ಮೇಲೆಯೇ ಹೂಳು ಕೂರುವ ಸಣ್ಣ ತೊಟ್ಟಿ, ಮರಳು-ಜಲ್ಲಿಯ ಸೋಸುವಿಕೆ, ಹೊರಬಿಡುವ ವಾಲ್ವ್ ಬೇಕು. ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ 3 ಗ್ರಾಂ ಹಾಕಿದರೆ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಅಬ್ಬಿ ನೀರಿಗೆ ಕೆಲವು ದಿನ ಇನ್ನೂ ಹೆಚ್ಚು ಬೇಕಾಗುತ್ತದೆ, ಕೊನೆಯ ಮನೆಯ ನಲ್ಲಿಯಲ್ಲಿ 0.2 ಮಿಲಿಗ್ರಾಂ ಉಳಿದಿದೆಯೇ ಎಂದು ಕಿಟ್‌ನಲ್ಲಿ ನೋಡಿಯೇ ಪ್ರಮಾಣ ನಿಶ್ಚಯಿಸಿ. ಬೋರಿನ ಮೋಟರನ್ನೂ ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ, ಇಲ್ಲದಿದ್ದರೆ ಕಿಟ್ಟ ಕಟ್ಟಿ ಹಿಡಿದುಕೊಳ್ಳುತ್ತದೆ.

ಬೀದಿದೀಪದ ಮಾತು ಚಿಕ್ಕದು. ಚೋಕಿನ ಹಳೆಯ ಟ್ಯೂಬ್‌ಲೈಟ್ ಸುಮಾರು 55 ವ್ಯಾಟ್ ತಿನ್ನುತ್ತದೆ, ಹನ್ನೆರಡು ಗಂಟೆಗೆ 0.66 ಯೂನಿಟ್. 20 ವ್ಯಾಟಿನ ಎಲ್‌ಇಡಿ ಅದೇ ಹೊತ್ತಿಗೆ 0.24. ಆದರೆ ಐದನೇ ತಂತಿ (ಬೀದಿದೀಪವನ್ನು ಬೇರೆಯಾಗಿ ಹಾಕಿ ಆರಿಸಲೆಂದು ಎಳೆಯುವ ತಂತಿ) ಇಲ್ಲದ ಕಂಬಗಳಲ್ಲಿ ದೀಪ ಹಗಲೂ ಉರಿಯುತ್ತದೆ, ಆಗ ಎಲ್‌ಇಡಿಯೂ 0.48 ತಿಂದು ಲಾಭದ ಅರ್ಧಕ್ಕಿಂತ ಹೆಚ್ಚು ಹೋಯಿತು. ಮೊದಲು ಐದನೇ ತಂತಿ, ಮೀಟರ್, ಸೂರ್ಯೋದಯ-ಸೂರ್ಯಾಸ್ತದ ಟೈಮರ್, ಆಮೇಲೆ ಬಲ್ಬು. ಸಿಡಿಲಿನ ಸೀಮೆಯಾದ್ದರಿಂದ 10 ಕಿಲೋವೋಲ್ಟ್ ಸರ್ಜ್ ರಕ್ಷಣೆ ಇರುವ ದೀಪವನ್ನೇ ಕೇಳಿ, ಇಲ್ಲವಾದರೆ ಏಪ್ರಿಲ್-ಮೇ ಗುಡುಗಿಗೆ ಸಾಲುಸಾಲು ಹೋಗುತ್ತವೆ. ಎಲ್ಲ ಮುಗಿದ ಮೇಲೆ ಬದಲಾದ ಲೋಡಿನ ಪಟ್ಟಿಯನ್ನು ವಿದ್ಯುತ್ ಕಂಪನಿಗೆ ಕೊಟ್ಟು ಜಂಟಿ ಪರಿಶೀಲನೆ ಮಾಡಿಸದಿದ್ದರೆ ಶುಲ್ಕ ಹಳೆಯ ಲೋಡಿಗೇ ಬರುತ್ತಿರುತ್ತದೆ.

ಈಗ ಪ್ರತಿ ಪಂಪ್‌ಹೌಸಿನಲ್ಲೂ ಒಂದು ನೋಟ್‌ಬುಕ್ ಇದೆ. ನೀರುಗಂಟಿ ದಿನಾಂಕ, ಮೀಟರ್ ರೀಡಿಂಗ್, ಓಡಿದ ಗಂಟೆ, ವೋಲ್ಟೇಜ್, ಆಂಪ್ ಬರೆಯುತ್ತಾರೆ. ಬಿಲ್ ಕಲೆಕ್ಟರ್ ತಿಂಗಳಿಗೊಮ್ಮೆ ಅದನ್ನು ಬಿಲ್ಲಿನ ಜೊತೆ ಹೋಲಿಸುತ್ತಾರೆ, ಮೂರು ತಿಂಗಳಿಗೊಮ್ಮೆ ಟ್ಯಾಂಕು ಪರೀಕ್ಷೆ ನಡೆಯುತ್ತದೆ. ಸಾವಿರ ಲೀಟರಿನ ಯೂನಿಟ್ ಶೇ. 15ರಷ್ಟು ಏರಿದರೆ ಪಂಪು ಎತ್ತಿ ನೋಡುವುದು ಎಂದು ಸಭೆಯಲ್ಲಿ ನಿರ್ಣಯವಾಗಿದೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುವ, ಪಂಚಾಯಿತಿ ಲೆಕ್ಕವನ್ನು ಜನರ ಮುಂದಿಡುವ ಜಮಾಬಂದಿಯಲ್ಲಿ ಪ್ರತಿ ಬೋರಿನ ಹಿಂದಿನ ವರ್ಷದ ಮತ್ತು ಈ ವರ್ಷದ ಅಂಕಿಯನ್ನು ಫಲಕದಲ್ಲಿ ಬರೆದು ಹಾಕುತ್ತೇವೆ. ಅಳತೆ ಹಾಳೆ, ಷರತ್ತಿನ ಪ್ರತಿ, ನಿರ್ಣಯದ ಮಾದರಿ ಬೇಕಾದವರು ಕಚೇರಿ ವೇಳೆಯಲ್ಲಿ ಬಂದರೆ ಜೆರಾಕ್ಸ್ ಮಾಡಿಸಿಕೊಡುತ್ತೇವೆ. ಏಪ್ರಿಲ್ ದಾಟುವ ಮೊದಲೇ ಬನ್ನಿ, ನೀರಿನ ಮಟ್ಟದ ಅಳತೆಗೆ ಆಗಲೇ ಸರಿಯಾದ ಹೊತ್ತು.